ಗೋಡೆಯೊಳಗಿನ ವಿದ್ಯೆ ಗಡಿ ದಾಟಲಿ

ನಮ್ಮ ಬಡಾವಣೆಯಲ್ಲಿ ನಿವೃತ್ತ ಅಧ್ಯಾಪಕ ದಂಪತಿ ಇದ್ದಾರೆ. ಮಗ ವಿದೇಶದಲ್ಲಿ. ಊರಿಗೆ ಬಂದಾಗ ಅಪ್ಪ ಅಮ್ಮನಿಗೆ ಅನುಕೂಲವಾಗಲೆಂದು ಮನೆಯ ದೀಪ, ಫ್ಯಾನು, ಗೀಸರ್, ಗೇಟಿನ ಕ್ಯಾಮೆರಾ ಎಲ್ಲವನ್ನೂ ಮೊಬೈಲಿಗೆ ಜೋಡಿಸಿ ಹೋದ. ಆರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಕರೆಂಟ್ ಹೋಗಿ ಬಂದಾಗಲೆಲ್ಲ, ಅದು ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, ಮನೆಯ ದೀಪಗಳೆಲ್ಲ ತಾವಾಗಿಯೇ ಹೊತ್ತಿಕೊಳ್ಳತೊಡಗಿದವು. ಮಲಗುವ ಕೋಣೆಯ ಒಂದು ದೀಪ ಹಾಕಿದರೆ ಇಡೀ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುತ್ತಿತ್ತು. ಅಳವಡಿಸಿದವರಿಗೆ ಫೋನ್ ಮಾಡಿದರೆ, ಆ ಕೆಲಸ ಮಾಡಿದ ಹುಡುಗ ಬಿಟ್ಟುಹೋಗಿದ್ದಾನೆ, ಪಾಸ್‌ವರ್ಡ್ ಅವನ ಬಳಿ ಇತ್ತು ಎಂಬ ಉತ್ತರ ಬಂತು. ಅಲ್ಲಿಗೆ ಆ ಸಂಬಂಧ ಮುಗಿಯಿತು.

ಕೊನೆಗೆ ಬಂದವನು ನಮ್ಮ ಬಡಾವಣೆಯ ಹಳೆಯ ವೈರ್‌ಮನ್. ಬೋರ್ಡು ಬಿಚ್ಚಿ, ಟೆಸ್ಟರ್ ಹಿಡಿದು ಅರ್ಧ ಗಂಟೆ ನೋಡಿದ. ‘ಸಾರ್, ಇದು ನಾನು ಕಲಿತ ವೈರಿಂಗ್ ಅಲ್ಲ’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಆದರೆ ಬಿಟ್ಟು ಹೋಗಲಿಲ್ಲ. ಮಸ್ಕತ್‌ನಲ್ಲಿ ಇದೇ ಕೆಲಸ ಮಾಡುವ ಕುಂದಾಪುರದ ಗೆಳೆಯನಿಗೆ ವಿಡಿಯೊ ಕರೆ ಮಾಡಿದ. ಬೋರ್ಡಿನ ಒಳಭಾಗವನ್ನು ಮೊಬೈಲಿನಲ್ಲಿ ತೋರಿಸಿದ. ಆಚೆಯಿಂದ ದನಿ ಬಂತು: ‘ಮಾರಾಯ, ಯುಪಿಎಸ್‌ನ ನ್ಯೂಟ್ರಲ್ಲು, ಮೇನ್ ಲೈನಿನ ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ತಿರುಚಿ ಇಟ್ಟಿದ್ದಾರೆ, ಮೊದಲು ಅದನ್ನು ಬೇರೆ ಮಾಡು.’ ಬೇರೆ ಮಾಡಿದ್ದೇ ತಡ, ಟ್ರಿಪ್ ಆಗುವುದು ನಿಂತಿತು. ಕರೆಂಟ್ ಬಂದಾಗ ದೀಪಗಳು ಆರಿದ ಸ್ಥಿತಿಯಲ್ಲೇ ಇರಬೇಕು ಎಂದು ಹೇಳುವ ಒಂದು ಸಣ್ಣ ಹೊಂದಾಣಿಕೆ ಇರುತ್ತದೆಂದೂ, ಪಾಸ್‌ವರ್ಡ್ ಇಲ್ಲದಿದ್ದರೆ ಉಪಕರಣವನ್ನು ಮೊದಲಿನ ಸ್ಥಿತಿಗೆ ತಂದು ಹೊಸದಾಗಿ ಜೋಡಿಸಬೇಕೆಂದೂ ಅವನೇ ಹೇಳಿಕೊಟ್ಟ. ಅಂದು ರಾತ್ರಿ ಆ ವೃದ್ಧ ದಂಪತಿ ಬಹುದಿನಗಳ ನಂತರ ನೆಮ್ಮದಿಯಾಗಿ ಮಲಗಿದರು.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಗೃಹ ಸ್ವಯಂಚಾಲನೆ ಎಂದು ಕರೆಯಲಾಗುವ ಈ ಉದ್ಯಮದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಉಪಕರಣಗಳ ಸುತ್ತಲೇ ಇದೆ. ಯಾವ ಸ್ಪೀಕರ್ ನಮ್ಮ ಮಾತು ಕೇಳುತ್ತದೆ, ಯಾವ ಬೀಗ ಬೆರಳಚ್ಚಿಗೆ ತೆರೆಯುತ್ತದೆ ಎಂಬುದಷ್ಟೇ ನಮಗೆ ಗೊತ್ತು. ಆದರೆ ಆ ಉಪಕರಣವನ್ನು ಗೋಡೆಯೊಳಗೆ ಕೂರಿಸುವ ಮನುಷ್ಯ ಏನು ಕಲಿತಿದ್ದಾನೆ, ಯಾರಿಂದ ಕಲಿತಿದ್ದಾನೆ, ತಿಳಿಯದಿದ್ದಾಗ ಯಾರನ್ನು ಕೇಳುತ್ತಾನೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ. ಅಂದು ಆ ಮನೆಯನ್ನು ಉಳಿಸಿದ್ದು ಉಪಕರಣವಲ್ಲ. ಸಮುದ್ರದ ಆಚೆಗಿದ್ದ ಒಬ್ಬ ಸಹೋದ್ಯೋಗಿಯ ಅನುಭವ. ಆ ಅನುಭವ ನಮ್ಮ ವೈರ್‌ಮನ್‌ಗೆ ದೊರೆತದ್ದು ಮಾತ್ರ ಆಕಸ್ಮಿಕ. ಅದು ಆಕಸ್ಮಿಕವಾಗಿ ಉಳಿಯಬಾರದು ಎಂಬುದೇ ಈ ಲೇಖನದ ವಾದ.

ಮನೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಬೆಂಗಳೂರಿಗೆ ಹೊಸದೇನಲ್ಲ. ಸಂಪಿನಲ್ಲಿ ನೀರಿದ್ದು ಮೇಲಿನ ಟ್ಯಾಂಕ್ ಖಾಲಿಯಾದರೆ ಮೋಟಾರು ತಾನಾಗಿ ಓಡುವ, ತುಂಬಿದೊಡನೆ ನಿಲ್ಲುವ ಪುಟ್ಟ ಪೆಟ್ಟಿಗೆಯನ್ನು ನಮ್ಮ ನಗರದ ಎಷ್ಟೋ ಮನೆಗಳು ‘ಸ್ಮಾರ್ಟ್’ ಎಂಬ ಪದ ಬರುವ ಮೊದಲೇ ಅಳವಡಿಸಿಕೊಂಡಿದ್ದವು. ಹೊರದೇಶಗಳಲ್ಲಿ ಈ ವಿದ್ಯೆಯ ಚರಿತ್ರೆ ಐದು ದಶಕಗಳಷ್ಟು ಹಿಂದಕ್ಕೆ ಹೋಗುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ರಾಥೆಸ್ ಪಟ್ಟಣದ ಪಿಕೊ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ, ಮನೆಯಲ್ಲಿ ಇರುವ ವಿದ್ಯುತ್ ತಂತಿಯ ಮೂಲಕವೇ ಸಂಕೇತ ಕಳಿಸಿ ದೀಪ ಹಾಕುವ, ಆರಿಸುವ ‘ಎಕ್ಸ್‌-10’ ವಿಧಾನವನ್ನು ರೂಪಿಸಿತು. ಯುರೋಪಿನಲ್ಲಿ ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುವ ವ್ಯವಸ್ಥೆಗಳನ್ನು ಕಟ್ಟಿದವು. ಅವುಗಳಲ್ಲಿ ಮೂರು 1999ರಲ್ಲಿ ಒಂದಾಗಿ, ಇಂದು ಕೆಎನ್ಎಕ್ಸ್ ಎಂದು ಹೆಸರಾಗಿರುವ ಸಮಾನ ಮಾನದಂಡಕ್ಕೆ ಬುನಾದಿ ಹಾಕಿದವು. 2006ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು.

ಅದರ ಕಾರ್ಯವಿಧಾನ ಸರಳ. ಮಾಮೂಲು ವಿದ್ಯುತ್ ತಂತಿಯ ಜೊತೆಗೆ ಸುಮಾರು 30 ವೋಲ್ಟಿನ ಒಂದು ಜೋಡಿ ತೆಳು ತಂತಿ ಮನೆಯೆಲ್ಲ ಹರಿಯುತ್ತದೆ. ಪ್ರತಿಯೊಂದು ಸ್ವಿಚ್ಚಿಗೂ, ಪ್ರತಿಯೊಂದು ದೀಪದ ನಿಯಂತ್ರಕಕ್ಕೂ ಅಂಚೆ ವಿಳಾಸದಂತೆ ಒಂದು ವಿಳಾಸವಿರುತ್ತದೆ. ಸ್ವಿಚ್ಚು ಒತ್ತಿದಾಗ ಆ ತೆಳು ತಂತಿಯ ಮೇಲೆ ಒಂದು ಸಂದೇಶ ಹೋಗುತ್ತದೆ. ಅದು ಯಾರಿಗೆ ಸಂಬಂಧಿಸಿದ್ದೋ ಅವರು ಓಗೊಡುತ್ತಾರೆ. ಮಧ್ಯದಲ್ಲಿ ಯಜಮಾನನಂತೆ ಕೂತ ಒಂದೇ ಒಂದು ಯಂತ್ರವಿಲ್ಲ. ಒಂದು ಸ್ವಿಚ್ಚು ಕೆಟ್ಟರೆ ಅದೊಂದೇ ಕೆಡುತ್ತದೆ, ಮನೆ ನಿಲ್ಲುವುದಿಲ್ಲ. ಇಷ್ಟು ಸರಳವಾದುದನ್ನು ಸರಿಯಾಗಿ ಮಾಡಲು ಮಾತ್ರ ಎರಡು ವಿದ್ಯೆಗಳು ಒಬ್ಬನಲ್ಲೇ ಇರಬೇಕು: ವೈರ್‌ಮನ್‌ನ ಕೈ ಮತ್ತು ಕಂಪ್ಯೂಟರ್ ಬಲ್ಲವನ ಶಿಸ್ತು. ನಮ್ಮ ಶಿಕ್ಷಣ ಕ್ರಮ ಈ ಎರಡನ್ನು ಬೇರೆ ಬೇರೆ ಕಟ್ಟಡಗಳಲ್ಲಿ, ಬೇರೆ ಬೇರೆ ವರ್ಗದ ಮಕ್ಕಳಿಗೆ ಕಲಿಸುತ್ತ ಬಂದಿದೆ. ಆದ್ದರಿಂದಲೇ ಈ ವೃತ್ತಿಯಲ್ಲಿ ಇರುವವರು ಪರಸ್ಪರರಿಂದ ಕಲಿಯದೆ ಅನ್ಯ ದಾರಿಯಿಲ್ಲ.

ಹೊರದೇಶಗಳ ಅಳವಡಿಕೆದಾರರು ಇದನ್ನು ಬೇಗ ಅರಿತರು. ಅಮೆರಿಕದಲ್ಲಿ 1989ರಲ್ಲಿ ಸೀಡಿಯಾ ಎಂಬ ವೃತ್ತಿಸಂಘ ಹುಟ್ಟಿಕೊಂಡಿತು. ಅದು ಸಹ ಒಡೆತನ ಹೊಂದಿರುವ ಇಂಟಿಗ್ರೇಟೆಡ್ ಸಿಸ್ಟಮ್ಸ್ ಯುರೋಪ್ ಎಂಬ ಮೇಳ 2004ರಲ್ಲಿ ಜಿನೀವಾದಲ್ಲಿ ಆರಂಭವಾಗಿ, ಬಹುಕಾಲ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದು, 2021ರಿಂದ ಬಾರ್ಸಿಲೋನಾಕ್ಕೆ ಸ್ಥಳಾಂತರಗೊಂಡಿದೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಎರಡು ವರ್ಷಕ್ಕೊಮ್ಮೆ ದೀಪ ಮತ್ತು ಕಟ್ಟಡ ತಂತ್ರಜ್ಞಾನದ ದೊಡ್ಡ ಮೇಳ ಸೇರುತ್ತದೆ. ಬ್ರಸೆಲ್ಸ್ ಸಮೀಪ ಕಚೇರಿ ಹೊಂದಿರುವ ಕೆಎನ್ಎಕ್ಸ್ ಸಂಘದಲ್ಲಿ ತರಬೇತಿ ಪಡೆದು ನೋಂದಾಯಿಸಿಕೊಂಡ ಅಳವಡಿಕೆದಾರರ ಸಂಖ್ಯೆ ಜಗತ್ತಿನಾದ್ಯಂತ ಒಂದು ಲಕ್ಷವನ್ನು ಮೀರಿದೆ. ಅವರಲ್ಲಿ ಭಾರತೀಯರೂ ಇದ್ದಾರೆ.

ಇಂಥ ಮೇಳಗಳ ವೇದಿಕೆಯ ಮೇಲೆ ನಡೆಯುವುದು ಬಹುಪಾಲು ಮಾರಾಟ. ಹೊಸ ಪರದೆ, ಹೊಸ ಸ್ವಿಚ್ಚು, ಹೊಸ ಘೋಷಣೆ. ಅದರಲ್ಲಿ ತಪ್ಪೇನಿಲ್ಲ. ಆದರೆ ವೃತ್ತಿಯ ನಿಜವಾದ ವಿನಿಮಯ ನಡೆಯುವುದು ತರಬೇತಿ ಕೊಠಡಿಗಳಲ್ಲಿ ಮತ್ತು ಕಾಫಿ ಕುಡಿಯುವ ಮೇಜಿನ ಸುತ್ತ. ಅಲ್ಲಿ ಒಬ್ಬ ತನ್ನ ಸೋಲನ್ನು ಹೇಳುತ್ತಾನೆ, ಇನ್ನೊಬ್ಬ ಅದಕ್ಕೆ ತಾನು ಕಂಡುಕೊಂಡ ಪರಿಹಾರ ಹೇಳುತ್ತಾನೆ. ಹಾಗೆ ಕೈ ಬದಲಾಯಿಸುವ ವಿದ್ಯೆಯ ಸ್ವರೂಪವೇನು ಎಂಬುದಕ್ಕೆ ಮೂರು ನಿದರ್ಶನ ಕೊಡಬಹುದು.

ಮೊದಲನೆಯದು ನ್ಯೂಟ್ರಲ್ ತಂತಿ. ಹಳೆಯ ಸ್ವಿಚ್ಚಿಗೆ ಫೇಸ್ ಒಂದೇ ಸಾಕಾಗಿತ್ತು. ಅದು ದಾರಿಯನ್ನು ತೆರೆಯುವ, ಮುಚ್ಚುವ ಬಾಗಿಲು ಮಾತ್ರ. ಆದರೆ ಎಲೆಕ್ಟ್ರಾನಿಕ್ ಸ್ವಿಚ್ಚು ದೀಪ ಆರಿದ್ದಾಗಲೂ ತಾನು ಎಚ್ಚರವಿರಬೇಕು. ಅದಕ್ಕೆ ಸ್ವಲ್ಪ ವಿದ್ಯುತ್ತು ಬೇಕು, ಆ ವಿದ್ಯುತ್ತು ಮರಳಲು ದಾರಿ ಬೇಕು. ನ್ಯೂಟ್ರಲ್ ಇಲ್ಲದ ಕಡೆ ಕೆಲವರು ಅರ್ಥಿಂಗ್ ತಂತಿಯನ್ನೇ ಮರಳುವ ದಾರಿಯಾಗಿ ಬಳಸುವ ಅಪಾಯಕಾರಿ ಅಡ್ಡದಾರಿ ಹಿಡಿಯುತ್ತಾರೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 2011ರ ಆವೃತ್ತಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ದೀಪದ ಸ್ವಿಚ್ಚು ಇರುವ ಪೆಟ್ಟಿಗೆಗಳಿಗೆಲ್ಲ ನ್ಯೂಟ್ರಲ್ ಒದಗಿಸಬೇಕೆಂದು ವಿಧಿಸಿತು. ನಮ್ಮಲ್ಲಿ ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ಚುಗಳಿರುವ ಬೋರ್ಡಿನಲ್ಲಿ ಇಲ್ಲದಿರಬಹುದು. ಮನೆ ಕಟ್ಟುವಾಗಲೇ ಒಂದು ತಂತಿ ಹೆಚ್ಚು ಎಳೆಯುವ ಖರ್ಚು ಅಲ್ಪ. ಆಮೇಲೆ ಗೋಡೆ ಒಡೆಯುವ ಖರ್ಚು ಎಷ್ಟೆಂದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಈ ಮಾತನ್ನು ಕೆಲಸಗಾರ ಮೊದಲೇ ಬಲ್ಲವನಾಗಿದ್ದರೆ ಮನೆಯೊಡೆಯನಿಗೆ ಹೇಳುತ್ತಾನೆ.

ಎರಡನೆಯದು ದಾಖಲೆ. ಮೇಲೆ ಹೇಳಿದ ಕೆಎನ್ಎಕ್ಸ್ ವ್ಯವಸ್ಥೆಯಲ್ಲಿ ಯಾವ ಸ್ವಿಚ್ಚು ಯಾವ ದೀಪಕ್ಕೆ ಸಂಬಂಧಿಸಿದ್ದು ಎಂಬ ವಿವರವೆಲ್ಲ ಒಂದು ಕಂಪ್ಯೂಟರ್ ಕಡತದಲ್ಲಿರುತ್ತದೆ. ಆ ಕಡತ ಯಾರ ಕೈಲಿದೆಯೋ ಮನೆಯ ಕೀಲಿಕೈ ಅವರಲ್ಲಿದ್ದಂತೆ. ಒಳ್ಳೆಯ ಅಳವಡಿಕೆದಾರ ಕೆಲಸ ಮುಗಿದ ದಿನ ನಕ್ಷೆ, ಕಡತ, ಪಾಸ್‌ವರ್ಡ್ ಮೂರನ್ನೂ ಮನೆಯವರಿಗೆ ಒಪ್ಪಿಸುತ್ತಾನೆ. ಗ್ರಾಹಕ ಬೇರೆಯವರ ಬಳಿ ಹೋಗಬಾರದೆಂದು ಅದನ್ನು ಬಚ್ಚಿಟ್ಟುಕೊಳ್ಳುವವರೂ ಎಲ್ಲ ದೇಶಗಳಲ್ಲಿ ಇದ್ದಾರೆ. ವೃತ್ತಿಯವರು ಒಟ್ಟು ಸೇರಿ ಮಾತಾಡುವ ಕಡೆ, ಬಚ್ಚಿಡುವುದು ನಾಚಿಕೆಗೇಡು ಎಂಬ ಭಾವನೆ ಬೆಳೆಯುತ್ತದೆ. ಕಾನೂನು ತಲುಪದ ಕಡೆ ವೃತ್ತಿಯ ಮರ್ಯಾದೆಯೇ ಕಾನೂನು. ಅದು ಒಂಟಿಯಾಗಿ ಕೆಲಸ ಮಾಡುವವನಲ್ಲಿ ತಾನಾಗಿ ಹುಟ್ಟುವುದಿಲ್ಲ. ಸಹೋದ್ಯೋಗಿಗಳ ಕಣ್ಣಮುಂದೆ ಹುಟ್ಟುತ್ತದೆ.

ಮೂರನೆಯದು ಎಚ್ಚರಿಕೆ. 2016ರ ಮೇ ತಿಂಗಳಲ್ಲಿ ರಿವಾಲ್ವ್ ಎಂಬ ಗೃಹ ನಿಯಂತ್ರಕವನ್ನು, ಅದನ್ನು ಕೊಂಡುಕೊಂಡಿದ್ದ ನೆಸ್ಟ್ ಕಂಪನಿ ಶಾಶ್ವತವಾಗಿ ನಿಲ್ಲಿಸಿಬಿಟ್ಟಿತು. ಸುಮಾರು 300 ಡಾಲರ್ ಕೊಟ್ಟು ಕೊಂಡವರ ಮನೆಯಲ್ಲಿ ಆ ಪೆಟ್ಟಿಗೆ ಕೆಡದಿದ್ದರೂ ನಿರುಪಯುಕ್ತವಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಅಮೆರಿಕನ್ ಕಂಪನಿಯ ಸರ್ವರುಗಳು ಯಾವ ಮುನ್ಸೂಚನೆಯೂ ಇಲ್ಲದೆ ಮೌನವಾದವು. ಮೊಬೈಲಿನಿಂದ ಮನೆ ನಡೆಸುತ್ತಿದ್ದವರು ಕಂಗಾಲಾದರು. ಕೆಲವು ವಾರಗಳ ಬಳಿಕ ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡು ಮತ್ತೆ ಚಾಲನೆ ಕೊಡಬೇಕಾಯಿತು. 2016ರಲ್ಲೇ ‘ಮಿರಾಯ್’ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಮನೆ, ಅಂಗಡಿಗಳ ಕ್ಯಾಮೆರಾಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡು, ಅಮೆರಿಕದ ಪ್ರಮುಖ ಜಾಲತಾಣಗಳನ್ನೇ ಕೆಲಕಾಲ ಸ್ತಬ್ಧಗೊಳಿಸಿತು. ಇಂಥ ಅನುಭವಗಳಿಂದ ಪಾಠ ಕಲಿತ ಬ್ರಿಟನ್, ಸುಲಭವಾಗಿ ಊಹಿಸಬಹುದಾದ ಮೂಲ ಪಾಸ್‌ವರ್ಡ್ ಇರುವ ಉಪಕರಣಗಳ ಮಾರಾಟವನ್ನು 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕ ನಿಷೇಧಿಸಿದೆ. ದೂರದ ಸರ್ವರ್ ನಿಂತರೂ ಮನೆಯ ಒಳಗಿನ ಸ್ವಿಚ್ಚು ಕೆಲಸ ಮಾಡಬೇಕು ಎಂಬ ತತ್ವಕ್ಕೆ ಈಗ ಮನ್ನಣೆ ಸಿಗುತ್ತಿದೆ. 2022ರ ಅಕ್ಟೋಬರ್‌ನಲ್ಲಿ ಬಂದ ‘ಮ್ಯಾಟರ್’ ಎಂಬ ಮಾನದಂಡ ಬೇರೆ ಬೇರೆ ಕಂಪನಿಗಳ ಉಪಕರಣಗಳು ಮನೆಯೊಳಗಿನ ಜಾಲದಲ್ಲೇ ಪರಸ್ಪರ ಮಾತಾಡುವಂತೆ ಮಾಡುವ ಪ್ರಯತ್ನ. ಇಷ್ಟನ್ನೂ ಬಲ್ಲ ಅಳವಡಿಕೆದಾರ ಗ್ರಾಹಕನಿಗೆ ಕೊಡುವ ಸಲಹೆಗೂ, ಕಂಪನಿಯ ಕರಪತ್ರವನ್ನಷ್ಟೇ ಓದಿದವನು ಕೊಡುವ ಸಲಹೆಗೂ ಅಜಗಜಾಂತರ.

ಹಾಗೆಂದು ಈ ವಿನಿಮಯವನ್ನು ಏಕಮುಖ ಎಂದು ಭಾವಿಸಬೇಕಿಲ್ಲ. ವಿದೇಶದಿಂದ ಕಲಿಯುವುದೆಂದರೆ ಕೈಚಾಚುವುದು ಎಂಬ ಕೀಳರಿಮೆ ನಮ್ಮನ್ನು ಬಿಟ್ಟಿಲ್ಲ. ದಿನಕ್ಕೆ ಮೂರು ಬಾರಿ ಕರೆಂಟ್ ಹೋಗಿ ಬರುವ ಊರಿನಲ್ಲಿ ಕೆಲಸ ಮಾಡಿದ ನಮ್ಮ ಕುಶಲಕರ್ಮಿಗೆ ಯುಪಿಎಸ್, ಜನರೇಟರ್, ಮೇನ್ ಲೈನ್ ಮೂರನ್ನೂ ಸಂಭಾಳಿಸುವ ವಿದ್ಯೆ ಗೊತ್ತಿದೆ. ವೋಲ್ಟೇಜು ಏರಿಳಿಯುವಾಗ ಏನು ಸುಟ್ಟುಹೋಗುತ್ತದೆ, ಏನು ಉಳಿಯುತ್ತದೆ ಎಂಬುದು ಅವನಿಗೆ ಪುಸ್ತಕದ ಪಾಠವಲ್ಲ. ಮಳೆಗಾಲದಲ್ಲಿ ಗೋಡೆ ಒಸರುವ ಮಲೆನಾಡಿನ ಮನೆ, ಬೋರ್ಡಿನೊಳಗೆ ಸಂಸಾರ ಹೂಡುವ ಹಲ್ಲಿ, ಇರುವೆ, ತಂತಿ ಕಡಿಯುವ ಇಲಿ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವನ ನಿತ್ಯದ ಅಭ್ಯಾಸ. ಕಾವೇರಿ ನೀರು ಬಿಡುವ ವೇಳೆಗೆ ಸಂಪು ತುಂಬಿಸಿಕೊಂಡು, ಬೋರ್‌ವೆಲ್ ನೀರನ್ನು ಬೇರೆಯಾಗಿ ಇಟ್ಟು, ಟ್ಯಾಂಕರ್ ಬಂದರೆ ಇನ್ನೊಂದು ಲೆಕ್ಕ ಹಾಕುವ ವ್ಯವಸ್ಥೆಯನ್ನು ಬಾರ್ಸಿಲೋನಾದ ಯಾವ ಮಳಿಗೆಯಲ್ಲಿ ನೋಡಲು ಸಾಧ್ಯ? 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದ್ದನ್ನು ಕಂಡವರಿಗೆ ಹನಿ ಹನಿಯ ಲೆಕ್ಕ ಇಡುವ ಉಪಕರಣದ ಬೆಲೆ ತಿಳಿದಿದೆ. ಬರಗಾಲ ಕಾಡುವ ದೇಶಗಳಿಗೂ, ಹವಾಮಾನದ ವೈಪರೀತ್ಯದಿಂದ ವಿದ್ಯುತ್ ಕಡಿತ ಕಾಣತೊಡಗಿರುವ ಶ್ರೀಮಂತ ದೇಶಗಳಿಗೂ ನಮ್ಮ ಕುಶಲಕರ್ಮಿಗಳು ಹೇಳಬೇಕಾದದ್ದು ಬಹಳಷ್ಟಿದೆ.

ಮನೆಯ ಬಗೆಗಿನ ನಮ್ಮ ಕಲ್ಪನೆಯೇ ಬೇರೆ ಎಂಬುದನ್ನೂ ಮರೆಯಬಾರದು. ಮನೆಗೆಲಸದವರು, ಹಬ್ಬಕ್ಕೆ ಬಂದ ನೆಂಟರು, ಮೊಬೈಲು ಮುಟ್ಟದ ಅಜ್ಜಿ ಎಲ್ಲರೂ ದೀಪ ಹಾಕಬೇಕಾದ ಮನೆ ನಮ್ಮದು. ಗೋಡೆಯ ಮೇಲಿನ ಸ್ವಿಚ್ಚು ಕಿತ್ತು ಎಲ್ಲವನ್ನೂ ಮೊಬೈಲಿಗೆ ಕೊಟ್ಟರೆ ಅರ್ಧ ಮನೆ ಕತ್ತಲಲ್ಲಿ ಉಳಿಯುತ್ತದೆ. ಈ ಸಾಮಾನ್ಯ ಜ್ಞಾನವೂ ಜಗತ್ತಿಗೆ ಹೇಳಿಕೊಡತಕ್ಕ ವೃತ್ತಿಜ್ಞಾನವೇ.

ಇದಕ್ಕೆ ಆಕ್ಷೇಪಗಳು ಇರಬಹುದು. ಹೊಟ್ಟೆಪಾಡಿನ ಗುಟ್ಟನ್ನು ಯಾರಾದರೂ ಹಂಚಿಕೊಳ್ಳುತ್ತಾರೆಯೇ ಎಂಬುದು ಮೊದಲ ಪ್ರಶ್ನೆ. ಒಂದೇ ಬೀದಿಯ ಇಬ್ಬರು ವೈರ್‌ಮನ್‌ಗಳು ಹಂಚಿಕೊಳ್ಳದಿರಬಹುದು; ಒಬ್ಬನ ಗ್ರಾಹಕ ಇನ್ನೊಬ್ಬನಿಗೆ ಹೋಗುವ ಭಯ ಅಲ್ಲಿದೆ. ಆದರೆ ಬೆಂಗಳೂರಿನವನಿಗೂ ಮಸ್ಕತ್‌ನವನಿಗೂ ಪೈಪೋಟಿ ಇಲ್ಲ. ಹೊರದೇಶದ ಸಹೋದ್ಯೋಗಿಗಳ ಭೇಟಿಗೆ ಇರುವ ದೊಡ್ಡ ಗುಣವೇ ಇದು. ಹತ್ತಿರದವನಿಗೆ ಹೇಳಲಾಗದ ಸೋಲನ್ನೂ ದೂರದವನಿಗೆ ಹೇಳಬಹುದು. ಜರ್ಮನಿಯಲ್ಲಿ ಬಡಗಿ ಮೊದಲಾದ ಕುಶಲಕರ್ಮಿಗಳು ತರಬೇತಿ ಮುಗಿದ ಮೇಲೆ ಮೂರು ವರ್ಷ ಒಂದು ದಿನ ಊರೂರು ಅಲೆದು ಕೆಲಸ ಕಲಿಯುವ, ಆ ಅವಧಿಯಲ್ಲಿ ತಮ್ಮ ಊರಿನ ಐವತ್ತು ಕಿಲೋಮೀಟರ್ ಒಳಗೆ ಕಾಲಿಡದಿರುವ ಹಳೆಯ ಸಂಪ್ರದಾಯವನ್ನು ಕೆಲವರು ಇಂದಿಗೂ ಪಾಲಿಸುತ್ತಾರೆ. ದೂರದಲ್ಲಿ ವಿದ್ಯೆ ಸುಲಭವಾಗಿ ಸಿಗುತ್ತದೆಂಬುದನ್ನು ಅವರ ಹಿರಿಯರು ಅರಿತಿದ್ದರು.

ಇದು ಸಿರಿವಂತರ ಶೋಕಿ, ಸಮಾಜಕ್ಕೇಕೆ ಇದರ ಚಿಂತೆ ಎಂಬುದು ಎರಡನೆಯ ಆಕ್ಷೇಪ. ಹತ್ತು ವರ್ಷದ ಹಿಂದೆ ಈ ಮಾತು ಸಲ್ಲುತ್ತಿತ್ತೇನೋ. ಈಗ ಮಧ್ಯಮವರ್ಗದ ಅಪಾರ್ಟ್‌ಮೆಂಟುಗಳಿಗೂ ಇದು ಬಂದಿದೆ. ಮಕ್ಕಳು ಹೊರದೇಶದಲ್ಲಿದ್ದು ವೃದ್ಧರಿಬ್ಬರೇ ಇರುವ ಮನೆಗಳು ನಮ್ಮ ಪ್ರತಿಯೊಂದು ಬೀದಿಯಲ್ಲಿವೆ. ಗ್ಯಾಸ್ ಸೋರಿದರೆ ಎಚ್ಚರಿಸುವ, ರಾತ್ರಿ ಎದ್ದರೆ ಬಚ್ಚಲ ದಾರಿಯ ದೀಪ ಹೊತ್ತಿಸುವ ವ್ಯವಸ್ಥೆ ಅವರಿಗೆ ಶೋಕಿಯಲ್ಲ. ಅದು ತಪ್ಪಾಗಿ ಅಳವಡಿಕೆಯಾದರೆ ಆಗುವ ಅಪಾಯವೂ ಶೋಕಿಯಲ್ಲ. ಫೇಸಿನಲ್ಲಿ ಹೋದ ವಿದ್ಯುತ್ತು ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲ್‌ನಲ್ಲಿ ಮರಳುತ್ತಿದೆಯೇ ಎಂದು ನೋಡುವುದು ಆರ್‌ಸಿಸಿಬಿಯ ಕೆಲಸ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೂ ಅದು ಸಂಪರ್ಕ ಕಡಿದು ಜೀವ ಉಳಿಸುತ್ತದೆ. ತಪ್ಪು ವೈರಿಂಗ್‌ನಿಂದ ಅದು ಪದೇಪದೇ ಟ್ರಿಪ್ ಆಗುತ್ತಿದ್ದರೆ, ಬೇಸತ್ತ ಯಾರೋ ಒಬ್ಬರು ಅದನ್ನೇ ತೆಗೆದುಹಾಕಿಸುತ್ತಾರೆ. ನಮ್ಮ ಅಧ್ಯಾಪಕರಿಗೂ ಮೊದಲು ಬಂದ ಸಲಹೆ ಅದೇ ಆಗಿತ್ತು. ಅದನ್ನು ಅವರು ಪಾಲಿಸಿದ್ದರೆ ಏನಾಗಬಹುದಿತ್ತೆಂದು ನೆನೆಯಲೂ ಭಯವಾಗುತ್ತದೆ.

ಎಲ್ಲವೂ ಅಂತರ್ಜಾಲದ ವಿಡಿಯೊಗಳಲ್ಲಿ ಸಿಗುವಾಗ ಭೇಟಿಯೇಕೆ ಎಂಬುದು ಮೂರನೆಯದು. ವಿಡಿಯೊ ಉತ್ತರಿಸುವುದು ಅದು ಊಹಿಸಿದ ಪ್ರಶ್ನೆಗೆ ಮಾತ್ರ. ನಮ್ಮ ವೈರ್‌ಮನ್ ಬೋರ್ಡು ತೋರಿಸಿದಾಗ ಆಚೆಯವನು ಕಂಡದ್ದು ಎರಡು ಕಪ್ಪು ತಂತಿಗಳು ಒಂದಾಗಿದ್ದುದನ್ನು. ಏನನ್ನು ಕೇಳಬೇಕೆಂದು ನಮ್ಮವನಿಗೆ ತಿಳಿದಿರಲಿಲ್ಲ. ಏನನ್ನು ನೋಡಬೇಕೆಂದು ಅವನಿಗೆ ತಿಳಿದಿತ್ತು. ಆ ವಿಶ್ವಾಸ ಹುಟ್ಟಿದ್ದೂ ಒಮ್ಮೆ ಇಬ್ಬರೂ ಒಂದೇ ಕಟ್ಟಡದಲ್ಲಿ ಜೊತೆಯಾಗಿ ಪೈಪು ಎಳೆದಿದ್ದರಿಂದ.

ನಮ್ಮ ರಾಜ್ಯಕ್ಕೆ ಈ ಪಾಠ ಹೊಸದಾಗಬೇಕಿಲ್ಲ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸುವ ಯೋಜನೆಯನ್ನು ಮೈಸೂರು ಸಂಸ್ಥಾನ ಕೈಗೆತ್ತಿಕೊಂಡಾಗ, ಆ ಯೋಜನೆಯ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಯುರೋಪ್, ಅಮೆರಿಕಗಳಿಗೆ ಹೋಗಿ ಅಲ್ಲಿನ ತಜ್ಞರನ್ನು ಕಂಡು ಬಂದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಗಳ ಯಂತ್ರಗಳು ಬಂದವು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ವಿದೇಶದ ತಜ್ಞರ ಜೊತೆ ನಿಂತು ಕೆಲಸ ಮಾಡಿದ ನಮ್ಮವರು ಆ ಯಂತ್ರಗಳನ್ನು ನಡೆಸಿದರು, ದುರಸ್ತಿ ಮಾಡಿದರು, ಮುಂದಿನ ತಲೆಮಾರಿಗೆ ಕಲಿಸಿದರು. ದಿವಾನರ ದೂರದೃಷ್ಟಿಯನ್ನು ನಾವು ನ್ಯಾಯವಾಗಿಯೇ ಸ್ಮರಿಸುತ್ತೇವೆ. ಆದರೆ ಕಂಬ ಹತ್ತಿದವರು ಕಲಿಯದೇ ಹೋಗಿದ್ದರೆ ಆ ದೂರದೃಷ್ಟಿ ಕಾಗದದಲ್ಲೇ ಉಳಿಯುತ್ತಿತ್ತು.

ಇಂದಿನ ಕೊರತೆ ಇಲ್ಲೇ ಇದೆ. ವಿದೇಶದ ಮೇಳಗಳಿಗೆ ನಮ್ಮಿಂದ ಹೋಗುವವರು ಬಹುಮಟ್ಟಿಗೆ ಕಂಪನಿಯ ಮಾಲೀಕರು, ಮಾರಾಟ ವಿಭಾಗದವರು. ಗೋಡೆ ಕೊರೆಯುವವನು, ತಂತಿ ಎಳೆಯುವವನು ಹೋಗುವುದು ವಿರಳ. ಟಿಕೆಟ್ಟಿನ ಖರ್ಚು, ವೀಸಾಕ್ಕೆ ಕೇಳುವ ಬ್ಯಾಂಕಿನ ಲೆಕ್ಕಪತ್ರ, ಇಂಗ್ಲಿಷಿನ ಭಯ ಎಲ್ಲವೂ ಅವನಿಗೆ ಅಡ್ಡಿ. ಮಾಲೀಕ ತಂದದ್ದು ಕರಪತ್ರಗಳ ಚೀಲ. ಕೆಲಸಗಾರನಿಗೆ ಬೇಕಾದದ್ದು ಇನ್ನೊಬ್ಬ ಕೆಲಸಗಾರನ ಮಾತು.

ಇದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ. ಮೊದಲಿಗೆ, ಸರ್ಕಾರವಾಗಲಿ ಉದ್ಯಮ ಸಂಘಗಳಾಗಲಿ ಕಳಿಸುವ ಪ್ರತಿಯೊಂದು ನಿಯೋಗದಲ್ಲೂ ಕೈಕೆಲಸ ಮಾಡುವವರಿಗೆ ಕೆಲವು ಸ್ಥಾನ ಮೀಸಲಿರಲಿ. ಹಿಂದಿರುಗಿದವರು ಕಲಿತದ್ದನ್ನು ಇಲ್ಲಿನ ಹತ್ತು ಜನಕ್ಕೆ ಕಲಿಸಬೇಕೆಂಬ ಷರತ್ತೂ ಇರಲಿ. ಎರಡನೆಯದಾಗಿ, ಕೊಲ್ಲಿ ರಾಷ್ಟ್ರಗಳ ದೊಡ್ಡ ಕಟ್ಟಡಗಳಲ್ಲಿ ಈ ಕೆಲಸ ಮಾಡಿ ಊರಿಗೆ ಮರಳುವ ಕರಾವಳಿಯ, ಉತ್ತರ ಕರ್ನಾಟಕದ ಕುಶಲಕರ್ಮಿಗಳು ನಮ್ಮಲ್ಲಿದ್ದಾರೆ. ಅವರ ತಲೆಯಲ್ಲಿರುವ ವಿದ್ಯೆಗೆ ನಾವು ಚಿಕ್ಕಾಸು ಖರ್ಚು ಮಾಡಿಲ್ಲ. 2021–22ರಿಂದ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಲಾಗಿದೆ. ಅಲ್ಲಿನ ಹೊಸ ಯಂತ್ರಗಳ ಮುಂದೆ ಈ ಅನುಭವಿಗಳನ್ನು ಅತಿಥಿ ಬೋಧಕರಾಗಿ ನಿಲ್ಲಿಸಲು ಪದವಿಯ ಪ್ರಮಾಣಪತ್ರ ಅಡ್ಡಿಯಾಗಬಾರದು.

ಮೂರನೆಯದಾಗಿ, ಎಳೆಯರಿಗೆ ಇರುವ ಅವಕಾಶ ಬಳಕೆಯಾಗಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ವರ್ಲ್ಡ್ ಸ್ಕಿಲ್ಸ್ ಸ್ಪರ್ಧೆಯಲ್ಲಿ ವಿದ್ಯುತ್ ಅಳವಡಿಕೆಯೂ ಒಂದು ವಿಭಾಗ. 2024ರಲ್ಲಿ ಅದು ಫ್ರಾನ್ಸಿನ ಲಿಯಾನ್‌ನಲ್ಲಿ ನಡೆಯಿತು. ಅಲ್ಲಿಗೆ ಹೋಗುವ ಇಪ್ಪತ್ತರ ಆಸುಪಾಸಿನ ಹುಡುಗ, ಹುಡುಗಿ ಪದಕ ತಂದರೂ ತರದಿದ್ದರೂ ಇಪ್ಪತ್ತು ದೇಶಗಳ ಓರಗೆಯವರ ಕೈ ಹೇಗೆ ಓಡುತ್ತದೆಂದು ನೋಡಿ ಬರುತ್ತಾರೆ. ನಾಲ್ಕನೆಯದಾಗಿ, ಎಲ್ಲರನ್ನೂ ಹೊರಗೆ ಕಳಿಸಲಾಗದು. ಹೊರಗಿನವರನ್ನು ಇಲ್ಲಿಗೆ ಕರೆಯಬಹುದು. ಮಾಹಿತಿ ತಂತ್ರಜ್ಞಾನದ ಎಷ್ಟೋ ಸಮಾವೇಶಗಳನ್ನು ನಡೆಸಿದ ಬೆಂಗಳೂರಿಗೆ, ನಾಲ್ಕು ದೇಶಗಳ ನೂರು ಅಳವಡಿಕೆದಾರರನ್ನು ಒಂದು ಐಟಿಐನ ಕಾರ್ಯಾಗಾರದಲ್ಲಿ ಮೂರು ದಿನ ಕೂಡಿಸುವುದು ಭಾರವೇ? ಅಲ್ಲಿ ದುಭಾಷಿಗಳಿರಲಿ, ಭಾಷಣಗಳು ಕಡಿಮೆಯಿರಲಿ, ಬಿಚ್ಚಿದ ಬೋರ್ಡುಗಳು ಹೆಚ್ಚಿರಲಿ.

ಕೊನೆಯದು ಭಾಷೆಯ ಮಾತು. ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ದೇಶ ಸುತ್ತಲಾಗದ ವೈರ್‌ಮನ್‌ಗೆ ಓದಲು ಕೋಶವಾದರೂ ಬೇಕಲ್ಲವೇ? ಭಾರತೀಯ ಮಾನಕ ಬ್ಯೂರೋದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1985ರಲ್ಲಿ ಬಂದು, 2011 ಮತ್ತು 2023ರಲ್ಲಿ ಪರಿಷ್ಕೃತಗೊಂಡಿದೆ. ಅದರ ಸಾರವೂ, ಹೊಸ ಉಪಕರಣಗಳ ಅಳವಡಿಕೆಯ ಎಚ್ಚರಿಕೆಗಳೂ ತಿಳಿಗನ್ನಡದಲ್ಲಿ, ಜೇಬಿನಲ್ಲಿ ಹಿಡಿಸುವ ಗಾತ್ರದಲ್ಲಿ, ಚಿತ್ರಸಹಿತ ಬರಬೇಕು. ವೈರ್‌ಮನ್ ಪರ್ಮಿಟ್ ಕೊಡುವ ವಿದ್ಯುತ್ ಪರಿವೀಕ್ಷಣಾ ಇಲಾಖೆಗೆ ಇದು ದೊಡ್ಡ ಹೊರೆಯಾಗಲಾರದು. ಫೇಸ್, ನ್ಯೂಟ್ರಲ್, ಅರ್ಥಿಂಗ್ ಎಂಬ ಪದಗಳನ್ನು ಬದಲಿಸುವ ಮಡಿವಂತಿಕೆ ಬೇಡ. ಅವು ಕನ್ನಡವೇ ಆಗಿವೆ. ವಾಕ್ಯ ಕನ್ನಡದ್ದಾದರೆ ಸಾಕು.

ಓದುಗರ ಪಾಲಿಗೂ ಒಂದಿಷ್ಟು ಹೊಣೆಯಿದೆ. ಮನೆಗೆ ಇಂಥ ವ್ಯವಸ್ಥೆ ಮಾಡಿಸುವವರು ದರದ ಪಟ್ಟಿಯ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು. ಅಂತರ್ಜಾಲ ನಿಂತರೆ ಸ್ವಿಚ್ಚು ಕೆಲಸ ಮಾಡುತ್ತದೆಯೇ? ಕರೆಂಟ್ ಹೋಗಿ ಬಂದರೆ ಏನಾಗುತ್ತದೆ? ನಕ್ಷೆ, ಕಡತ, ಪಾಸ್‌ವರ್ಡ್ ನನ್ನ ಕೈಗೆ ಕೊಡುತ್ತೀರಾ? ಈ ಕೆಲಸವನ್ನು ನೀವು ಯಾರಿಂದ ಕಲಿತಿರಿ? ಕೊನೆಯ ಪ್ರಶ್ನೆಗೆ ನಾಚಿಕೆಯಿಲ್ಲದೆ ಉತ್ತರಿಸುವವನನ್ನು ನಂಬಬಹುದು.

ಅಧ್ಯಾಪಕರ ಮನೆಯಲ್ಲಿ ಈಗ ಬೋರ್ಡಿನ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿದೆ. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ವೈರ್‌ಮನ್ ತನ್ನ ಕೈಬರಹದಲ್ಲಿ ಬರೆದಿದ್ದಾನೆ. ಮಸ್ಕತ್‌ನಲ್ಲಿ ಕೆಲಸ ಮುಗಿದ ಮೇಲೆ ಹೀಗೆ ಬರೆದಿಡದಿದ್ದರೆ ಸಂಬಳ ಕೊಡುವುದಿಲ್ಲವಂತೆ ಎಂದು ಅವನ ಗೆಳೆಯ ಹೇಳಿದ್ದ. ‘ಅವನು ಹೇಳಿದ ಮೇಲೆ ಎಲ್ಲ ಮನೆಯಲ್ಲೂ ಬರೆದಿಡುತ್ತಿದ್ದೇನೆ ಸಾರ್. ನಾಳೆ ನಾನಿಲ್ಲದಿದ್ದರೂ ಬಂದವನಿಗೆ ಗೊತ್ತಾಗಬೇಕಲ್ಲ’ ಎಂದು ಅವನು ನನಗೆ ಹೇಳಿದ. ಒಂದು ಫೋನ್ ಕರೆ ಇಷ್ಟನ್ನು ಕಲಿಸಬಹುದಾದರೆ, ಮೂರು ದಿನದ ಭೇಟಿ ಎಷ್ಟನ್ನು ಕಲಿಸೀತು ಎಂಬುದನ್ನು ಸರ್ಕಾರವೂ ಉದ್ಯಮವೂ ಯೋಚಿಸಲಿ.